ಆಮೆ ಮೊಟ್ಟೆಗೆ ಐಸ್

ಕಿರಿಮಂಜೇಶ್ವರ
22 ಮಾರ್ಚ್ 2025

ಗೆಳತಿ ಶ್ರೀಲತಾ,

ಚೆನ್ನಾಗಿದ್ದೇನೆ, ಅಂದರೆ ಓಡಾಡಿಕೊಂಡಿದ್ದೇನೆ. ಮುಂಬಯಿಯಿಂದ ನೀನು ಬರೆದ ಕಾಗದಕ್ಕೆ ತಿಂಗಳಾದರೂ ಉತ್ತರ ಕೊಡಲಿಲ್ಲ. ಪುರಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೈಯುವುದಿದ್ದರೆ ಕೊನೆಯವರೆಗೆ ಓದಿ ಬೈ.

ರೆಸಾರ್ಟಿನವರು ನಮ್ಮ ಕಡಲತಡಿಗೆ ಬೇಲಿ ಹಾಕಲು ಹೊರಟದ್ದು ನಿನಗೆ ಗೊತ್ತು. ಬೇಲಿ ಬಿದ್ದರೆ ರಂಪಣಿ ಬಲೆ ಎಳೆಯಲು, ದೋಣಿ ಏರಿಸಲು, ಮೀನು ಒಣಗಿಸಲು ನಮಗೆ ಜಾಗವಿಲ್ಲ. ಇಲ್ಲಿ ಕಡಲಾಮೆ ಮೊಟ್ಟೆ ಇಡುವುದೇ ಇಲ್ಲ, ಹಾಗಾಗಿ ಕಟ್ಟಲು ಅಡ್ಡಿಯಿಲ್ಲ ಎಂದು ಕೋರ್ಟಿನಲ್ಲಿ ಅವರ ವಾದ. ಇಷ್ಟು ದಿನ ನಮ್ಮ ಹತ್ತಿರ ದಾಖಲೆ ಕೇಳಿದರು, ಈಗ ಆಮೆಯ ಹತ್ತಿರ ಕೇಳಿದರು.

ಆಮೆ ಕೊಟ್ಟಿತು. ಫೆಬ್ರವರಿ ಹದಿಮೂರರ ಬೆಳಿಗ್ಗೆ ಗಾಳಿಮರಗಳ ಕೆಳಗೆ, ಟ್ರ್ಯಾಕ್ಟರ್ ಹೋದ ಹಾಗೆ ಗುರುತು. ಮರಳು ಸರಿಸಿದರೆ ನೂರಕ್ಕೂ ಮೇಲೆ ಮೊಟ್ಟೆ. ಹಾಗೇ ಮುಚ್ಚಿದೆವು. ಅರಣ್ಯ ಇಲಾಖೆಗೆ ತಿಳಿಸಿದರೆ, ಇಪ್ಪತ್ತೆಂಟಕ್ಕೆ ಅಧಿಕಾರಿ ಬಂದು ನೋಡುತ್ತಾರೆ ಎಂದರು. ಹದಿನೈದು ದಿನ ಸರದಿಯಲ್ಲಿ ನಾಯಿ ಓಡಿಸಿದೆವು.

ಇಪ್ಪತ್ತೇಳಕ್ಕೆ ಅಮಾವಾಸ್ಯೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಉಬ್ಬರದ ನೀರು ಗೂಡಿನ ಹತ್ತಿರ ಬಂತು. ಕೊಲ್ಲೂರಿನ ಕಾಡಿಗೆ ಬೆಂಕಿ ಬಿದ್ದು ಗಾರ್ಡ್‌ಗಳೆಲ್ಲ ಅಲ್ಲಿದ್ದರು, ಫೋನ್ ಹತ್ತಲಿಲ್ಲ. ನಾನೂ ನನ್ನ ಅತ್ತೆ ಸರೋಜಮ್ಮನೂ ಮೊಟ್ಟೆಗಳನ್ನು ಮೀನಿನ ಪೆಟ್ಟಿಗೆಗೆ ತುಂಬಿಸಿ ಮೇಲಕ್ಕೆ ತಂದೆವು. ಮೇಲಿನ ಮರಳು ಕಾದ ಕಾವಲಿ. ಹೊತ್ತು ಇಳಿಯುವವರೆಗೆ ಪೆಟ್ಟಿಗೆ ನೆರಳಲ್ಲಿತ್ತು, ಒಳಗೆ ಐಸ್ ಬಿತ್ತು. ಅಡಿಗೊಂದು ಪದರ, ಮೇಲೊಂದು ಪದರ, ಬಂಗುಡೆಗೆ ಹಾಕಿದ ಹಾಗೆ. ಕಡಲಿಂದ ಬಂದದ್ದನ್ನು ಬಿಸಿಲಿಗೆ ಬಿಡುವುದು ನಮ್ಮ ಕೈಗೆ ಗೊತ್ತಿಲ್ಲ. ಸಂಜೆ ದಿಬ್ಬದಲ್ಲಿ ಹೂತೆವು.

ಮರುದಿನ ಅಧಿಕಾರಿ ತೆಗೆದು ನೋಡಿದಾಗ ಮೊಟ್ಟೆಗಳಿಗೆ ಬಂಗುಡೆಯ ಪರೆ ಅಂಟಿತ್ತು. ಮೂರು ಒಡೆದರು. ಒಳಗಿನ ಜೀವ ಶೀತಕ್ಕೆ ಸತ್ತಿದೆ ಎಂದರು. ರೆಸಾರ್ಟಿನ ವಕೀಲನಿಗೆ ಇನ್ನೇನು ಬೇಕು? ಬೇರೆ ಊರಿನ ಮೊಟ್ಟೆಗಳನ್ನು ಐಸಿನಲ್ಲಿಟ್ಟು ತಂದು ಹೂತಿದ್ದಾರೆ ಎಂದು ಕೋರ್ಟಿಗೆ ಬರೆದುಕೊಟ್ಟ.

ನಮ್ಮ ಮೀನುಗಾರರ ಸಂಘದ ಸಭೆಯಲ್ಲಿ ಐಸ್ ಹಾಕಿದ್ದು ಅತ್ತೆ ಎಂದಾಯಿತು. ಬೈದವರು ಬೈದರು, ಹೆಂಗಸರು ನಕ್ಕರು. ಬಲೆ ಎಳೆಯುವ ತಂಡದ ಗೋಪಿ, "ಹ್ವಾಯ್ ಸರೋಜಕ್ಕ, ಮೊಟ್ಟಿ ತಾಜಾ ಇತ್ತಾ?" ಅಂದ. ನಲವತ್ತು ವರ್ಷ ಬುಟ್ಟಿ ಹೊತ್ತ ಅತ್ತೆ ಅವತ್ತಿನಿಂದ ಮಾರ್ಕೆಟ್ಟಿಗೆ ಹೋಗಿಲ್ಲ.

ಗೂಡಿದ್ದ ಜಾಗದಲ್ಲಿ ಈಗ ಏಡಿಗಳು ತೂತು ಕೊರೆದಿವೆ. ಬಿಳಿಹೊಟ್ಟೆಯ ಕಡಲಹದ್ದು ಗಾಳಿಮರದ ತುದಿಯಲ್ಲಿ ಕೂತಿರುತ್ತದೆ. ಅದಕ್ಕೆ ಯಾರ ಮೇಲೂ ಸಿಟ್ಟಿಲ್ಲ. ದಿಬ್ಬದ ಬಳ್ಳಿಯನ್ನು ಅರ್ಧಕ್ಕರ್ಧ ರೆಸಾರ್ಟಿನ ಜೆಸಿಬಿ ಕೆರೆದು ಹಾಕಿದೆ.

ಮಗಳು ಮೋಕ್ಷಿತಾಳ ಪರೀಕ್ಷೆ ಮುಗಿಯಿತೇ? ಅವಳಿಗೆ ಒಳ್ಳೆಯದಾಗಲಿ, ಯಾರೆದುರೂ ತಲೆ ತಗ್ಗಿಸದ ಹಾಗೆ ಬೆಳೆಯಲಿ.

ನಿನ್ನ,
ಜಲಜ

ತಾ.ಕ.: ಐಸ್ ಹಾಕಿದ್ದು ನಾನು. ಅತ್ತೆ ಆಗ ದಿಬ್ಬದ ಮೇಲೆ ಗುಂಡಿ ತೋಡುತ್ತಿದ್ದರು. ಸಭೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಎದ್ದು ನಿಂತು ತಾನೇ ಎಂದುಬಿಟ್ಟರು. ಮನೆಗೆ ಬಂದು, "ಕೋರ್ಟಂಗೆ ನಿನ್ ಮಾತ್ ನಿಲ್ಕ್ ಹೆಣೆ. ನನ್ ಮಾತ್ ಯಾರ್ ಕೇಂತ್ರ್?" ಅಂದರು. ಕೋರ್ಟಿನಲ್ಲಿ ನಿಲ್ಲಬೇಕಾದದ್ದು ನನ್ನ ಮಾತಂತೆ, ತಪ್ಪು ತಾನು ಹೊತ್ತರೆ ನಷ್ಟವಿಲ್ಲವಂತೆ. ಏಪ್ರಿಲ್ ಒಂಬತ್ತಕ್ಕೆ ನನ್ನ ಸಾಕ್ಷಿ. ಯಾರು ಹಾಕಿದ್ದೆಂದು ಕೇಳುತ್ತಾರಂತೆ. ಇಪ್ಪತ್ತು ವರ್ಷ ಸಂಘದ ಪರವಾಗಿ ಮೈಕ್ ಹಿಡಿದವಳಿಗೆ ಅಷ್ಟು ಉತ್ತರ ಹೇಳುವಾಗ ನಾಲಿಗೆ ತಡವರಿಸುತ್ತದೆ. ನಿನ್ನೆ ಅತ್ತೆಯೇ ಎದುರು ಕೂತು, ಐಸ್ ಹಾಕಿದ್ದು ಯಾರೆಂದು ಕೇಳಿ, ಅವರ ಹೆಸರನ್ನು ನನ್ನಿಂದ ಎರಡು ಸಲ ಹೇಳಿಸಿದರು.