ಅವ್ವನ ಸಮಾಧಿಗೆ ಇಟಲಿಯ ಅಕ್ಷರ

ಔರಾದ ಶಹಾಜನಿ

ಮಹಾಪಂಡಿತನಾದ ತಮ್ಮ ಕಲ್ಯಾಣಪ್ಪನಿಗೆ ಅಕ್ಕ ರಂಭಾಬಾಯಿಯ ಆಶೀರ್ವಾದ.

ಅವ್ವ ಹಾಸಿಗೆ ಹಿಡಿದಾಗ ಉದಗೀರದಿಂದ ತಂತಿ ಕೊಡಿಸಿದೆ. "ಕಲ್ಯಾಣ ಬಂದಾನೇನು?" ಎಂದು ಕೇಳುತ್ತಲೇ ಹೋದಳು. ಅವಳು ಮಣ್ಣಾದ ಸುದ್ದಿ ಕಳಿಸಿದ ಮೇಲೆ ಹೈದರಾಬಾದಿನಿಂದ ನಿನ್ನ ಕಾಗದ ಬಂತು.

ಸಾಹೇಬರ ಜೊತೆ ಕೂತು ಇಟಲಿಯ ಎಟ್ರುಸ್ಕನ್ ಎಂಬ ಹಳೆಯ ಜನರ ಗೋರಿಕಲ್ಲುಗಳ ನಕಲು ಓದುತ್ತಿದ್ದೀಯಂತೆ. ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಬರೆಯುತ್ತಿದ್ದರಂತೆ. ಅಕ್ಷರ ಓದಲು ಬರುತ್ತದಂತೆ, ಅರ್ಥ ಮಾತ್ರ ಹೆಚ್ಚಿನದು ಯಾರಿಗೂ ಗೊತ್ತಿಲ್ಲವಂತೆ. ಭಲೆ! ಒಳ್ಳೆಯ ಕೆಲಸ ಹಿಡಿದಿದ್ದೀಯ.

ಆ ಕಲ್ಲುಗಳ ಮೇಲೆ ತಾಯಿಯ ಹೆಸರನ್ನೂ ಬರೆಯುತ್ತಿದ್ದರೆಂದು ಹೊಗಳಿದ್ದೀಯ. ಅವರ ಗಂಡುಮಕ್ಕಳು ಮಣ್ಣಿಗೂ ಬರುತ್ತಿದ್ದಿರಬೇಕು. ಇಲ್ಲಿ ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ನಾನು ಹಾಕಿದೆ.

ಸಮಾಧಿ ಕಲ್ಲಿಗೆಂದು ಅವ್ವನ ಹೆಸರು, ಕೆಳಗೆ ನಿನ್ನ ಹೆಸರು, ಎರಡನ್ನೂ ಆ ಲಿಪಿಯಲ್ಲೇ ಬರೆದು ಕಳಿಸಿದೆಯಲ್ಲ, ಅದನ್ನು ಕಲ್ಲುಕುಟಿಗ ಬಕ್ಕಪ್ಪನಿಗೆ ಕೊಟ್ಟೆ. ಅವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಅಕ್ಕಾರ, ಇದರ ತಲಿ ಯಾವ ಕಡಿ ಅದರೀ?" ಎಂದ.

ಸಿಟ್ಟಾಗಬೇಡ, ನಿನ್ನ ಮಾತನ್ನು ಅರ್ಧ ನಡೆಸಿದ್ದೇನೆ. 'ಶೇವಂತಾಬಾಯಿ' ಎಂದು ನಮ್ಮ ಕನ್ನಡದಲ್ಲಿ ಕೆತ್ತಿಸಿದೆ. ದಾರಿಯಲ್ಲಿ ಹೋಗುವವರು ಓದಿ ಕೈಮುಗಿಯುತ್ತಾರೆ. ಕೆಳಗೆ ಮಗನ ಹೆಸರನ್ನು ಮಾತ್ರ ನೀನು ಬರೆದಂತೆಯೇ ಇಟಲಿಯ ಅಕ್ಷರದಲ್ಲಿ ಕೆತ್ತಿಸಿದೆ. ಅದೇನೆಂದು ಕೇಳಿದವರಿಗೆ ಬಕ್ಕಪ್ಪ, "ಏನಿಲ್ಲರೀ, ಸುಮ್ಮ ನಕ್ಷಿ ತಗದೀನಿ" ಎನ್ನುತ್ತಾನೆ.

ನಾನೂ ಹೌದೆನ್ನುತ್ತೇನೆ.

ಇಂತಿ,
ಮಣ್ಣು ಹಾಕಿದ ಅಕ್ಕ
ರಂಭಾಬಾಯಿ