ಸ್ಪ್ರಿಂಗ್ ತೆಗೆಸಿದ ವಾಲ್ವ್

ಸಾಂಬ್ರಾ, ಬೆಳಗಾವಿ
ಶುಕ್ರವಾರ, ೧೪ ನವೆಂಬರ್ ೨೦೨೫

ಪ್ರೀತಿಯ ಮಗಳೇ ರೂಪಾಲಿ,

ಹೇಗಿದ್ದೀ ತಾಯಿ? ನಿನ್ನೆ ನಾನು ಅಲ್ಲಿಂದ ಹೊರಟು ಬಂದ ಮೇಲೆ ಮತ್ತೆ ವಾಂತಿ ಆಯಿತೇ? ಹೊಟ್ಟೆ ನೋಯುತ್ತಿದೆಯೇ? ಕೂಸು ಒಳಗೆ ಆಡುತ್ತಿದೆ ತಾನೇ? ಕಾಗದದ ವಾಡಿಕೆಗೆಂದು ಇದನ್ನೆಲ್ಲ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ. ನಾವಿಲ್ಲಿ ಆರಾಮ ಎಂದು ಬರೆಯಬೇಕು, ಆದರೆ ಆರಾಮ ಎಲ್ಲಿಯದು? ನಿಮ್ಮ ಖಾನಾಪುರದಿಂದ ಬಂದಾಗಿನಿಂದ ಕಣ್ಣಿಗೆ ಕಣ್ಣು ಹಚ್ಚಿಲ್ಲ. ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿವೆ, ನಗಬೇಡ. ಫೋನ್ ಮಾಡಿದರೆ ನಿಮ್ಮ ಅತ್ತೆ ಎತ್ತಿ ಸ್ಪೀಕರಿಗೆ ಹಾಕುತ್ತಾರೆ, ಮನೆಗೆ ಹತ್ತಿಕೊಂಡ ನಿಮ್ಮ ಮಾವನ ಇಡೀ ಕಾಜು ಫ್ಯಾಕ್ಟರಿಯೇ ಕೇಳಿಸಿಕೊಳ್ಳುತ್ತದೆ. ಅದಕ್ಕೇ ಈ ಕಾಗದ. ನಮ್ಮ ಓಣಿಯ ಬೀರಣ್ಣ ಇವತ್ತು ಸಂಜೆ ಗಾಡಿ ತಗೊಂಡು ಬರುತ್ತಾನೆ, ನಿನ್ನ ಕೈಗೇ ಕೊಡುತ್ತಾನೆ. ಒಬ್ಬಳೇ ಕೂತು ಓದು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಚಿಕ್ಕವಳಿದ್ದಾಗ ಸಾಲೆಯಲ್ಲಿ "ನಮ್ಮಪ್ಪ ನೀರಿನ ಪೊಲೀಸ ಅದಾನ" ಎಂದು ಹೇಳಿ ಬಂದವಳು ನೀನೇ. ಹೋಟೆಲು, ಆಸ್ಪತ್ರೆ, ಫ್ಯಾಕ್ಟರಿಗಳಿಗೆ ಹೋದ ನೀರು ಹೊಲಸು ಕೂಡಿಕೊಂಡು ಕುಡಿಯುವ ಲೈನಿಗೆ ತಿರುಗಿ ಬರದಂತೆ ಒಂದು ವಾಲ್ವ್ ಕೂಡಿಸಿರುತ್ತಾರೆ. ಅದರೊಳಗೆ ಸ್ಪ್ರಿಂಗ್ ಹಚ್ಚಿದ ಎರಡು ಬಾಗಿಲು ಇರುತ್ತವೆ. ನೀರನ್ನು ಮುಂದಕ್ಕೆ ಬಿಡುತ್ತವೆ, ಹಿಂದಕ್ಕೆ ಬಿಡುವುದಿಲ್ಲ. ಅವು ಗಟ್ಟಿಯಾಗಿ ಮುಚ್ಚುತ್ತವೆಯೋ ಇಲ್ಲವೋ ಎಂದು ಒತ್ತಡ ಅಳೆಯುವ ಗೇಜು ಹಚ್ಚಿ ನೋಡಿ ಸರ್ಟಿಫಿಕೇಟ್ ಕೊಡುವುದು ನನ್ನ ಹೊಟ್ಟೆಪಾಡು. ಕಾಜು ಕೊಳ್ಳುವ ಹೊರದೇಶದ ಗಿರಾಕಿ ಆ ಸರ್ಟಿಫಿಕೇಟ್ ಕೇಳಿದ್ದಾನೆಂದು ನಿಮ್ಮ ಮಾವ ನನಗೇ ಹೇಳಿ ಕಳಿಸಿದಾಗ ನಾನು ಉಬ್ಬಿಹೋಗಿದ್ದೆ. ಬೀಗರ ಮನೆಯಲ್ಲಿ ನನ್ನ ವಿದ್ಯೆಗೂ ಒಂದು ಕುರ್ಚಿ ಸಿಕ್ಕಿತಲ್ಲ ಎಂದು ಇಸ್ತ್ರಿ ಅಂಗಿ ಹಾಕಿಕೊಂಡು ಬಂದೆ.

ಗೇಜು ಹಚ್ಚಿದೆ. ಮುಳ್ಳು ಏಳಲೇ ಇಲ್ಲ. ನನ್ನ ಗೇಜೇ ಕೆಟ್ಟಿರಬೇಕೆಂದು ಬಿಚ್ಚಿ ಮತ್ತೆ ಹಚ್ಚಿದೆ, ಮತ್ತೂ ಅದೇ. ಕೊನೆಗೆ ವಾಲ್ವಿನ ಮುಚ್ಚಳ ತೆಗೆದರೆ ಒಳಗೆ ಸ್ಪ್ರಿಂಗೂ ಇಲ್ಲ, ಬಾಗಿಲೂ ಇಲ್ಲ, ಬರೀ ಹಿತ್ತಾಳೆಯ ಡಬ್ಬಿ! ಆಗ ಅಳಿಯಂದಿರು ನಾಚಿಕೊಂಡು ಹೇಳಿದರು: "ಮಾವಾರ, ನೀರು ಮಹಡಿಗೆ ಏರವಲ್ದಾಗಿತ್ತು. ಬಸರಿ ಹೆಣ್ಣಮಗಳು ಕೊಡಾ ಹೊರಬಾರದಂತ ನಾನಽ ತಗಿಸೇನ್ರಿ." ರೂಪಾ, ಅವರನ್ನು ಬೈಯಬೇಡ. ನಿನ್ನ ಮೇಲಿನ ಪ್ರೀತಿಗೇ ತೆಗೆಸಿದ್ದಾರೆ. ಆದರೆ ಅದೇ ಲೈನಿನ ಇನ್ನೊಂದು ತುದಿ ಎಲ್ಲಿದೆ ಗೊತ್ತೇ? ಕಾಜು ಬೇಯಿಸುವ ಬಾಯ್ಲರಿಗೆ ಔಷಧ ಬೆರೆಸುವ ತೊಟ್ಟಿಯಲ್ಲಿ ಮುಳುಗಿದೆ. ಊರಿನ ನೀರು ನಿಂತ ಹೊತ್ತಿನಲ್ಲಿ ನೀವು ಮನೆಯ ಮೋಟರ್ ಹಚ್ಚಿದರೆ ಅದು ಆ ತೊಟ್ಟಿಯ ನೀರನ್ನೇ ಎಳೆದು ನಿಮ್ಮ ಟಾಕಿಗೆ ತುಂಬುತ್ತದೆ.

ಮೊಮ್ಮಗು ಹುಟ್ಟುವತನಕ ಮಗಳ ಮನೆಯ ನೀರು ಬಾಯಿಗೆ ಹಾಕಬಾರದು ಎನ್ನುವುದು ನಮ್ಮ ಮನೆತನದ ಹಟ. ಬಂದಾಗಲೆಲ್ಲ ನಾನೂ ನಿಮ್ಮವ್ವನೂ ಬಾಟಲಿ ಹಿಡಿದುಕೊಂಡೇ ಬರುತ್ತೇವೆ. ಸುಡಲಿ ಆ ಹಟ! ಒಮ್ಮೆ ಕುಡಿದಿದ್ದರೂ ತಿಳಿಯುತ್ತಿತ್ತು. ನಿನ್ನೆ ನಿನ್ನ ನಲ್ಲಿಯ ನೀರು ಒಂದು ಬೊಗಸೆ ಬಾಯಿಗೆ ಹಾಕಿಕೊಂಡೆ. ಕಹಿ, ಬಟ್ಟೆ ಸಾಬೂನು ನೆಕ್ಕಿದ ಹಾಗೆ; ದಿನಾ ಕುಡಿದು ನಿಮಗೆ ರೂಢಿಯಾಗಿರಬೇಕು. ಅಲ್ಲೇ ಉಗುಳಿದೆ. ಏಳನೇ ತಿಂಗಳಲ್ಲೂ ನಿಲ್ಲದ ನಿನ್ನ ವಾಂತಿಗೆ ನಾವೆಲ್ಲ ಬಸಿರು ಎಂದೆವು, ಅತ್ತೆಯ ಸಂಕಟಕ್ಕೆ ಪಿತ್ತ ಎಂದರು, ಮಾವನದಕ್ಕೆ ಗ್ಯಾಸು ಎಂದರು. ನೀರನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ.

ಈ ನೀರು ಯಾರೂ ಕುಡಿಯಬೇಡಿರೆಂದು ನಾನು ಕೈ ಮುಗಿದು ಹೇಳಿದೆ. ನಿಮ್ಮ ಮಾವ ನಕ್ಕರು. "ಬೀಗರ, ಮನೀ ಮನಷ್ಯಾ ಅದೀರಿ. ಸುಮ್ನ ಸಹಿ ಮಾಡ್ರಿ, ಸ್ಪ್ರಿಂಗ್ ಆಮ್ಯಾಗ ಹಾಕಸೂಣು." ನಾನು ಪೆನ್ನು ತೆಗೆಯಲಿಲ್ಲ. ಆಗ ನಿಮ್ಮ ಅತ್ತೆ ಅದೇ ನಲ್ಲಿಯಿಂದ ತಂಬಿಗೆ ತುಂಬಿ ನಿನ್ನ ಮುಂದೆ ಹಿಡಿದರು: "ಕುಡಿಯವ್ವಾ, ನಿಮ್ಮಪ್ಪಗ ನಮ್ಮನಿ ನೀರು ಸೇರೂದಿಲ್ಲ, ನಿನಗರ ಸೇರತೈತಿಲ್ಲೋ?" ನೀನು ನನ್ನ ಮುಖ ನೋಡಿದೆ. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ, ಖರೇ ಹೇಳುತ್ತೇನೆ, ಅಲ್ಲಾಡಿಸಿದೆ. ಆದರೂ ನೀನು ಗಟಗಟ ಕುಡಿದು "ಚೊಲೊ ಐತಿ, ಅಪ್ಪಾ" ಎಂದು ತಂಬಿಗೆ ಕೆಳಗಿಟ್ಟೆ. ಅಲ್ಲೇ ನಿನ್ನ ಕೈ ಹಿಡಿದು ಎಬ್ಬಿಸಿಕೊಂಡು ಬರಬೇಕಿತ್ತು. ಬೀಗರ ಪಡಸಾಲೆಯಲ್ಲಿ ಹೆಣ್ಣು ಕೊಟ್ಟವನ ಕಾಲಿಗೆ ಬಲವೇ ಇರುವುದಿಲ್ಲ, ತಾಯಿ. ತೊಟ್ಟಿಗೆ ಹೋಗುವ ಪೈಪಿನ ಕಾಕ್ ತಿರುಗಿಸಿ ಮುಚ್ಚಿ, ಬಾಟಲಿಯಲ್ಲಿ ಆ ನಲ್ಲಿಯ ನೀರು ಹಿಡಿದುಕೊಂಡು ಹೊರಟುಬಂದೆ. ಆದರೆ ಕಾಜು ಬೇಯಿಸಬೇಕೆಂದಾಗ ಕಾಕ್ ತೆರೆಯದೆ ಬಿಡುತ್ತಾರೆಯೇ?

ನಿಮ್ಮವ್ವ ಸತ್ಯವ್ವ ಬೆಳಗಿನಿಂದ ಒಲೆ ಬಿಟ್ಟಿಲ್ಲ. ಕಡುಬು, ಹುಳಿಬಾನ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬುತ್ತಿ ಕಟ್ಟಿದ್ದಾಳೆ, ಜೊತೆಗೆ ಕುಡಿಯುವ ನೀರಿನ ಕ್ಯಾನು. ಅವಳಿಗೆ ಪೂರಾ ಹೇಳಿಲ್ಲ, ನೀರು ಸ್ವಲ್ಪ ಕೆಟ್ಟಿದೆ ಎಂದಷ್ಟೇ ಹೇಳಿದ್ದೇನೆ. ಅಡುಗೆಗೂ ಆ ನಲ್ಲಿಯ ನೀರು ಬೇಡ, ಕುದಿಸಿದರೂ ಬೇಡ. ಕುದಿಸಿದರೆ ಹುಳ ಸಾಯುತ್ತವೆ, ಔಷಧ ಹೋಗುವುದಿಲ್ಲ. ಅತ್ತೆ ಮಾವನಿಗೂ ಕ್ಯಾನಿನ ನೀರೇ ಕೊಡು, ಅವರೂ ಹಿರಿಯರು.

ಬೀಗರಿಗೂ ಬೀಗತಿಗೂ ಅಳಿಯಂದಿರಿಗೂ ನಮಸ್ಕಾರ ತಿಳಿಸು. ಸಿಟ್ಟಿದ್ದರೂ ನಮಸ್ಕಾರ ನಮಸ್ಕಾರವೇ. ನಿನ್ನ ಹೊಟ್ಟೆ ತಣ್ಣಗಿರಲಿ, ಮಗಳೇ.

ನಿನ್ನ ಅಪ್ಪ,
ಭರಮಪ್ಪ

ತಾ.ಕ.: ಬೀರಣ್ಣ ಬಾಗಿಲಲ್ಲಿ ನಿಂತು ಕಾಗದ ಕೇಳುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇದನ್ನೆಲ್ಲ ಓದಿ, ಆಯಿತು, ಕ್ಯಾನಿನ ನೀರು ಕುಡಿದರಾಯಿತು ಎಂದು ಅಲ್ಲೇ ಕೂಡಬೇಡ. ಈಗ ಸರ್ಟಿಫಿಕೇಟಿನಲ್ಲಿ 'ಫೇಲ್' ಎಂದು ಬರೆದು ಸಹಿ ಹಾಕಿದ್ದೇನೆ. ನಾಳೆ ಮಧ್ಯಾಹ್ನ ಅದು ನಿಮ್ಮ ಮಾವನ ಕೈ ಸೇರುತ್ತದೆ. ಅಷ್ಟರೊಳಗೆ ನೀನು ಅಲ್ಲಿರಬಾರದು. ಬೆಳಗಾವಿಯ ಡಾಕ್ಟರಮ್ಮನಿಗೆ ಹೇಳಿಟ್ಟಿದ್ದೇನೆ, ನೀರಿನ ಬಾಟಲಿಯನ್ನೂ ಕೊಟ್ಟಿದ್ದೇನೆ. "ತಡಾ ಮಾಡಬ್ಯಾಡ್ರಿ, ಕರ್ಕೊಂಡು ಬರ್ರಿ" ಎಂದರು. ನಿನ್ನೆ ನೀನು ಆ ತಂಬಿಗೆ ಕುಡಿದದ್ದು ನನ್ನ ಮರ್ಯಾದೆ ಉಳಿಸಲಿಕ್ಕೆ ಎಂದು ನನಗೆ ಗೊತ್ತು. ನನ್ನ ಮರ್ಯಾದೆ ಹಾಳಾಗಿ ಹೋಗಲಿ. ಯಾರನ್ನೂ ಕೇಳಬೇಡ, ಗಾಡಿ ಹತ್ತು.