ಅರದಿಂದ ಉಜ್ಜಿದ ಶ್ರುತಿಕವೆ

ತಾರೀಕು ಹದಿನಾಲ್ಕು, ಬುಧವಾರ ಸಂಜೆ

ಪ್ರೀತಿಯ ಅಕ್ಕನಿಗೆ,

ಇವತ್ತು ಬೆಳಿಗ್ಗೆ ಶಾಲೆಯ ಪ್ರಯೋಗಾಲಯದ ಮೇಜು ಒರೆಸುವಾಗ ಸಿಂಕಿನ ಪಕ್ಕ ತಿಳಿಹಳದಿ ಪುಡಿ ಕಾಣಿಸಿತು. ಬೆರಳಿಗೆ ಹತ್ತಿಸಿಕೊಂಡು ನೋಡಿದೆ. ಗಂಧಕವಲ್ಲ, ಬಿದಿರಿನ ಪುಡಿ. ಕ್ಷೇಮ ಸಮಾಚಾರ ಬಿಟ್ಟು ಪುಡಿಯಿಂದ ಶುರು ಮಾಡಿದಳಲ್ಲ ಎಂದು ನಗಬೇಡ. ಈ ಕಾಗದದ ತುಂಬ ಅದರದೇ ಮಾತು.

ತಲೆಯೆತ್ತಿದರೆ ಹಿಂದಿನ ಬೆಂಚಿನಲ್ಲಿ ಪಿಳ್ಳಂಗೋವಿ ಕೂತಿದ್ದಳು. ಒಂಬತ್ತನೇ ತರಗತಿಯವಳು, ಕೊಳಲು ನುಡಿಸುತ್ತಾಳೆಂದು ಎಲ್ಲರೂ ಹಾಗೇ ಕರೆಯುತ್ತಾರೆ. ಮರಳುಕಾಗದವನ್ನು ಸುರುಳಿ ಸುತ್ತಿ ಕೊಳಲಿನ ತೂತಿಗೆ ತುರುಕಿ ತಿರುಗಿಸುತ್ತಿದ್ದಳು. ಏನು ಮಾಡುತ್ತಿದ್ದೀಯ ಎಂದು ಕೇಳಿದೆ.

"ತೂತು ದೊಡ್ಡದು ಮಾಡಿದ್ರೆ ಸ್ವರ ಮೇಲೇರುತ್ತೆ ಮಿಸ್. ನಂದು ಎಲ್ಲರಿಗಿಂತ ಕೆಳಗೆ ನಿಲ್ಲುತ್ತಲ್ಲ. ಒಂದು ಆಯ್ತು, ಇನ್ನು ಐದಿದೆ."

ಅದು ಅವಳ ಚಿಕ್ಕಮ್ಮ ಹತ್ತು ವರ್ಷ ನುಡಿಸಿ ಕೊಟ್ಟ ಕೊಳಲು. ನನ್ನ ಬಾಯಿಂದ ಬಂದದ್ದು ಒಂದೇ ಮಾತು, "ಇವತ್ತಿಗೆ ಸಾಕು, ಗಂಟೆ ಹೊಡೀತು."

ಶನಿವಾರ ಶಾಲೆಗಳ ನಡುವಿನ ಸಂಗೀತ ಸ್ಪರ್ಧೆಯಿದೆ. ಬೇರೆ ಕೋಣೆ ಇಲ್ಲದ್ದರಿಂದ ನಮ್ಮ ಮಕ್ಕಳ ತಂಡ ದಿನಾ ನಾಲ್ಕು ಗಂಟೆಗೆ ಪ್ರಯೋಗಾಲಯದಲ್ಲೇ ಅಭ್ಯಾಸ ಮಾಡುತ್ತದೆ. ತಂಡವೂ ವಿಜ್ಞಾನದ ಮೇಷ್ಟ್ರದೇ. ಶ್ರುತಿಕವೆ ನಿನಗೆ ಗೊತ್ತಲ್ಲ, ಬಡಿದರೆ ಒಂದೇ ಸ್ವರ ಕೊಡುವ ಎರಡು ಕಾಲಿನ ಉಕ್ಕಿನ ಕಡ್ಡಿ. ಮೇಷ್ಟ್ರು ಅದನ್ನು ರಬ್ಬರಿನ ಮೇಲೆ ಬಡಿದು ಮೇಜಿಗೆ ಊರುತ್ತಾರೆ, ಇಡೀ ಮೇಜೇ ಹಾಡುತ್ತದೆ. ಗಿಟಾರಿನವರೂ ವಯೊಲಿನ್ನಿನವಳೂ ತಂತಿ ಬಿಗಿದು ಅದಕ್ಕೆ ಸೇರಿಸಿಕೊಳ್ಳುತ್ತಾರೆ. ಕೊಳಲನ್ನು ಬಿಗಿಯುವುದು ಹೇಗೆ? ಶ್ರುತಿಗೆ ಸೇರುತ್ತಿಲ್ಲವೆಂದು ಹೋದ ಶುಕ್ರವಾರ ಮೇಷ್ಟ್ರು ಅವಳನ್ನು ತಂಡದಿಂದ ಕೈಬಿಟ್ಟರು.

"ಸರ್, ಕವೆನೇ ಒಂಚೂರು ಏರಿದೆ ಅನ್ಸುತ್ತೆ," ಎಂದಳು ಅವಳು, ಮೆಲ್ಲಗೆ.

"ಉಕ್ಕು ಸುಳ್ಳು ಹೇಳಿ ನಿನ್ನ ಬಿದಿರು ನಿಜ ಹೇಳುತ್ತೇನಮ್ಮ? ನಾಳೆ ತಕ್ಕಡಿನೂ ತಪ್ಪು ಅಂತೀಯ!"

"ಪಿಳ್ಳಂಗೋವಿಗೆ ನೆಗಡಿ ಸರ್!" ಎಂದು ಗಿಟಾರಿನವನೊಬ್ಬ ಕೂಗಿದ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಅಕ್ಕಾ, ಉಕ್ಕಿನ ಬಾಯಲ್ಲಿ ಸುಳ್ಳು ಹೇಳಿಸಿದವಳು ನಾನು. ಪ್ರಯೋಗಾಲಯದ ಸಹಾಯಕಿಯಾಗಿ ಸೇರಿದ ಎರಡನೇ ವಾರ ಕವೆಯ ತುದಿಗಳಿಗೆ ತುಕ್ಕು ಹಿಡಿದದ್ದು ನೋಡಿ, ಡ್ರಾಯರಿನಲ್ಲಿದ್ದ ಅರ ತೆಗೆದು ಹೊಳೆಯುವವರೆಗೂ ಉಜ್ಜಿದ್ದೆ. ಅಡುಗೆಮನೆಯ ಚಾಕು ಉಜ್ಜಿದ ಹಾಗೆ! ತುದಿ ಸವೆದರೆ ಸ್ವರ ಏರುತ್ತದೆಂದು ಸಾಹಿತ್ಯ ಓದಿದವಳಿಗೆ ಹೇಗೆ ಗೊತ್ತಾಗಬೇಕು? "ಆಸಿಡ್ ಬಾಟಲಿಗೆ ಉಪಮೆ ಹುಡುಕ್ತಾ ನಿಂತುಬಿಡಬೇಡಿ" ಎಂದು ನನ್ನನ್ನು ರೇಗಿಸುತ್ತಿದ್ದ ಮೇಷ್ಟ್ರು ಅವತ್ತು ಕವೆಯನ್ನು ಬೆಳಕಿಗೆ ಹಿಡಿದು, "ಪರವಾಗಿಲ್ಲವೇ, ಹೊಸದರ ಹಾಗೆ ಮಾಡಿದ್ದೀರಿ" ಎಂದರು. ಆ ಮಾತನ್ನು ಎಷ್ಟು ದಿನ ಎದೆಯಲ್ಲಿಟ್ಟುಕೊಂಡು ಓಡಾಡಿದೆನೋ.

ಪುಡಿ ನೋಡಿದ ಮೇಲೆ ಇವತ್ತು ಮಧ್ಯಾಹ್ನ ಬೀರುವಿನಿಂದ ಬಿಚ್ಚದ ಪೆಟ್ಟಿಗೆ ತೆಗೆದು, ಅದೇ ಸಂಖ್ಯೆ ಕೊರೆದಿದ್ದ ಇನ್ನೊಂದು ಕವೆಯನ್ನು ಹುಡುಕಿದೆ. ಎರಡನ್ನೂ ಒಟ್ಟಿಗೆ ಬಡಿದೆ. ಸ್ವರಗಳು ಒಂದೇ ಆಗಿದ್ದರೆ ದನಿ ನೆಟ್ಟಗೆ ಸಾಗುತ್ತದೆ, ಕೂದಲೆಳೆ ವ್ಯತ್ಯಾಸವಿದ್ದರೂ ಏರಿಳಿಯುತ್ತದೆ ಎಂದು ಮೇಷ್ಟ್ರು ಹತ್ತನೇ ತರಗತಿಗೆ ಹೇಳುವಾಗ ನಾನು ಗೋಡೆಗೊರಗಿ ಕೇಳಿಸಿಕೊಂಡಿದ್ದೆ. ದನಿ ಉಬ್ಬಿತು, ತಗ್ಗಿತು, ಮತ್ತೆ ಉಬ್ಬಿತು. ಆ ಹುಡುಗಿಯ ಕಿವಿ ಸರಿ. ಕೊಳಲೂ ಸರಿ. ಒಂದು ತೂತು ಮಾತ್ರ ಈಗ ಸರಿಯಿಲ್ಲ.

ನನ್ನದು ಆರು ತಿಂಗಳ ಹಂಗಾಮಿ ಕೆಲಸ. ಹಿಂದೆ ಇದೇ ಶಾಲೆಯಲ್ಲಿ ಪಾಠ ಮಾಡಿದ ನಿನ್ನ ಮಾತಿಗೆ ಬೆಲೆಯಿಟ್ಟು ಕೊಟ್ಟದ್ದು. "ನನ್ನ ತಂಗಿ ಮಾತು ಕಡಿಮೆ, ಆದ್ರೆ ತುಂಬ ಜೋಪಾನ" ಎಂದಿದ್ದೆಯಂತೆ. ನಾಲ್ಕು ಜನರೆದುರು ನಿಂತು ಮಾತಾಡುವುದೆಂದರೆ ನನಗೆ ಹೇಗಾಗುತ್ತದೆ ಎಂಬುದು ನಿನಗೆ ಹೊಸದಲ್ಲ. ಆದರೂ ನಾಳೆ ನಾಲ್ಕಕ್ಕೆ, ಮೇಷ್ಟ್ರು ಕವೆ ಬಡಿಯುವ ಮುಂಚೆಯೇ, ಇಡೀ ತಂಡದ ಎದುರು ಹೇಳಬೇಕೆಂದಿದ್ದೇನೆ. ಸ್ಪರ್ಧೆಗೆ ಹೋಗುವವರ ಪಟ್ಟಿ ಕಳಿಸುವುದು ಶುಕ್ರವಾರ. ಉಳಿದ ಐದು ತೂತು ಮುಟ್ಟಬೇಡವೆಂದು ಅವಳಿಗೆ ಬೆಳಿಗ್ಗೆಯೇ ಹೇಳುತ್ತೇನೆ. ಕೆಲಸ ಹೋದರೆ ಹೋಗಲಿ. ನಿನ್ನ ಮಾತು ಹೋಗುತ್ತದಲ್ಲ, ಅದಕ್ಕೆ ಮೊದಲು ನಿನಗೆ ಬರೆದೆ.

ಭಾವನಿಗೆ ನಮಸ್ಕಾರ, ಪುಟ್ಟನಿಗೆ ಮುತ್ತು.

ನಿನ್ನ ತಂಗಿ

ತಾ.ಕ.: ಎರಡು ಕವೆಗಳನ್ನು ಇವತ್ತು ಬಡಿದು ನೋಡಿದೆ ಎಂದು ಮೇಲೆ ಬರೆದಿದ್ದೇನೆ. ಅದು ನಿಜವಲ್ಲ. ಕೊಳಲೊಂದೇ ದಿನಾ ಸೇರದ್ದು ಕಂಡು, ಅನುಮಾನ ಬಂದು ಬಡಿದದ್ದು ಹೋದ ಗುರುವಾರ. ಶುಕ್ರವಾರ ಅವಳನ್ನು ಕೈಬಿಡುವಾಗ ನಾನು ಅದೇ ಕೋಣೆಯಲ್ಲಿ, ತೊಳೆದ ಬೀಕರುಗಳನ್ನೇ ಮತ್ತೆ ತೊಳೆಯುತ್ತ ನಿಂತಿದ್ದೆ. ಆ ಸಾಲು ಹೊಡೆದುಹಾಕಿ ಬೇರೆ ಕಾಗದ ಬರೆಯಬಹುದಿತ್ತು. ಬೇಡ, ಇರಲಿ, ನೀನು ನೋಡು. ನಾಳೆ ಅವಳ ಎದುರು, ಹೋದ ಗುರುವಾರವೇ ಗೊತ್ತಿತ್ತು ಎಂದೇ ಹೇಳುತ್ತೇನೆ.